ಹದಿನಾಲ್ಕನೇ ನಂಬರಿನ ಎಡಗಾಲು

ಅಕ್ಷತ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಕಾಂತರಾಜುವಿಗೆ ಗೊತ್ತಾಯಿತು, ಹುಡುಗಿ ಅತ್ತು ಬಂದಿದ್ದಾಳೆ ಎಂದು. ವಿಮಾನ ನಿಲ್ದಾಣದ ಸಿಬ್ಬಂದಿ ಬಸ್ಸು ಓಡಿಸುವವನು ಅವನು. ಆವತಿ ಗೇಟಿನಲ್ಲಿ ಹತ್ತಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತರೆ ಇಳಿಯುವವರೆಗೂ ಫುಟ್ಬಾಲಿನ ಮಾತೇ ಆಡುವವಳು ಅವಳು. ಆ ಸೋಮವಾರ ಬಸ್ಸಿನಲ್ಲಿ ಒಂದು ಮಾತೂ ಆಡಿರಲಿಲ್ಲ. ಇಳಿಯುವಾಗ ಮಾತ್ರ, ಸಾಯಂಕಾಲ ಪಿಳ್ಳಪ್ಪ ತಾತನ ಮನೆಗೆ ಬರಬಹುದಾ ಎಂದು ಕೇಳಿದ್ದಳು.

ದೇವನಹಳ್ಳಿ ಕೋಟೆಯ ಹಿಂದಿನ ಬೀದಿಯಲ್ಲಿ ಪಿಳ್ಳಪ್ಪನವರ ಮನೆ. ಓದಿದ್ದು ಮೂರನೇ ಕ್ಲಾಸು. ಅಲ್ಲೇ ಹತ್ತಿರದ ವಿಜಯಪುರದ ಗೂಡಿನ ಮಾರುಕಟ್ಟೆಯಲ್ಲಿ ನಲವತ್ತು ವರ್ಷ ರೇಷ್ಮೆಗೂಡು ನೋಡಿ ಬೆಲೆ ಕೂಗಿದವರು. ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗಿನ ಹುಳು ಎಂಥದು, ಎಷ್ಟು ದಿನದ್ದು ಎಂದು ಹೇಳುತ್ತಿದ್ದರು. ಬಿಟ್ಟಿದ್ದು ಮಾರುಕಟ್ಟೆಯನ್ನು ಮಾತ್ರ, ಅಲ್ಲಾಡಿಸಿ ನೋಡುವುದನ್ನಲ್ಲ. ಸುತ್ತಲ ಹಳ್ಳಿಗಳಲ್ಲಿ ಏನು ಕಳೆದರೂ, ಯಾರ ಮೇಲೆ ಅನುಮಾನ ಬಂದರೂ ಜನ ಮೊದಲು ಬರುತ್ತಿದ್ದುದು ಅವರ ಜಗಲಿಗೆ. ಬಸ್ಸು ನಿಲ್ಲಿಸಿದ ಮೇಲೆ ಕಾಂತರಾಜುವೂ ಅಲ್ಲೇ ಇರುತ್ತಿದ್ದ. ಹೋಗಬೇಕಾದ ಕಡೆ ಅವರನ್ನು ಸ್ಕೂಟರಿನಲ್ಲಿ ಕರೆದೊಯ್ಯುವುದು, ಓದಬೇಕಾದ್ದನ್ನು ಓದಿ ಹೇಳುವುದು ಅವನ ಕೆಲಸ.

"ತಾತ, ನಾನು ಸುಳ್ಳು ಬರ್ದಿದ್ದೀನಿ ಅಂತಾರೆ," ಎಂದಳು ಅಕ್ಷತ. "ನಾನು ಕಂಡಿದ್ದನ್ನೇ ಬರ್ದಿದ್ದು."

ಪಿಳ್ಳಪ್ಪ ಅವಳಿಗೆ ನೀರು ಕೊಟ್ಟು, ಮೊದಲಿಂದ ಹೇಳು ಎಂದರು. ಅವಳು ಹೇಳಿದ್ದು ಇಷ್ಟು.

ಹರಿಪ್ರಸಾದನ ಬೇಕರಿಯ ಮಹಡಿಯಲ್ಲಿ ಹತ್ತು ಜನ ಸೇರಿ ಫ್ಯಾಂಟಸಿ ಫುಟ್ಬಾಲ್ ಆಡುತ್ತಾರೆ. ಬಹುಪಾಲು ವಿಮಾನ ನಿಲ್ದಾಣದ ಕೆಲಸದವರೇ. ಯಾರೂ ಚೆಂಡು ಒದೆಯುವುದಿಲ್ಲ. ದೊಡ್ಡ ಲೀಗಿನ ಹತ್ತು ತಂಡಗಳ ಆಟಗಾರರಲ್ಲಿ ತಮಗೆ ಬೇಕಾದವರನ್ನು ಸರದಿಯ ಮೇಲೆ ಹೆಸರು ಕೂಗಿ ತಮ್ಮ ಪಟ್ಟಿಗೆ ಬರೆದುಕೊಳ್ಳುತ್ತಾರೆ. ಅದಕ್ಕೆ ಡ್ರಾಫ್ಟ್ ಎಂದು ಹೆಸರು. ಆಮೇಲೆ ಆ ಆಟಗಾರ ನಿಜವಾದ ಪಂದ್ಯದಲ್ಲಿ ಗೋಲು ಹೊಡೆದರೆ, ಆರಿಸಿಕೊಂಡವನಿಗೆ ಅಂಕ. ಶಿಫ್ಟಿನ ಕೆಲಸದವರಿಗೆ ಹತ್ತೂ ತಂಡ ನೋಡುವಷ್ಟು ಹೊತ್ತೆಲ್ಲಿ? ಅದಕ್ಕೇ ಅವರು ಒಂದು ಪದ್ಧತಿ ಮಾಡಿಕೊಂಡಿದ್ದರು. ಒಬ್ಬೊಬ್ಬರಿಗೆ ಒಂದು ತಂಡ. ಅದರ ಆಟಗಾರರನ್ನೆಲ್ಲ ನೋಡಿ, ಗುಣದೋಷ ಬರೆದು, ಡ್ರಾಫ್ಟಿನ ದಿನ ಎಲ್ಲರ ಎದುರು ಓದಬೇಕು. ಓದಿದವರು ಆ ತಂಡದಿಂದ ಆರಿಸುವಾಗ ಕೊನೆಗೆ ನಿಲ್ಲಬೇಕು. ಸುಳ್ಳು ಓದಿದವರು ಮತ್ತೆ ಮಹಡಿ ಹತ್ತುವಂತಿಲ್ಲ.

ಅಕ್ಷತಳಿಗೆ ಬಂದದ್ದು ಗಿಡುಗ ತಂಡ. ಆ ತಂಡ ಅಭ್ಯಾಸ ಮಾಡುವ ಮೈದಾನ ಆವತಿಯಲ್ಲೇ, ಅವಳ ಮನೆಯಿಂದ ಕೂಗಳತೆಯಲ್ಲಿ. ಬೇಲಿಗೆ ಹಸಿರು ಬಟ್ಟೆ ಕಟ್ಟಿದ್ದರಿಂದ ರಸ್ತೆಯಿಂದ ಏನೂ ಕಾಣದು. ಅವಳು ತನ್ನ ಮನೆಯ ತಾರಸಿಯ ನೀರಿನ ಟ್ಯಾಂಕ್ ಹತ್ತಿ, ಮೂರು ವಾರ ನೋಡಿ, ಇಪ್ಪತ್ತೆರಡು ಆಟಗಾರರ ಬಗ್ಗೆ ಬರೆದಿದ್ದಳು. ಆ ಪುಸ್ತಕ ಮೈದಾನದ ಮ್ಯಾನೇಜರ್ ಆದಿನಾರಾಯಣಪ್ಪನವರ ಕಣ್ಣಿಗೂ ಬಿದ್ದು, ಅವರೇ ಕರೆಸಿ ಮಾತಾಡಿದ್ದರು. ಜಿಲ್ಲೆಯ ಶಾಲೆ ಮೈದಾನಗಳಲ್ಲಿ ಮಕ್ಕಳ ಆಟ ನೋಡಿ ಬರೆದು ಕೊಡುವ ಒಂದು ಕೆಲಸ ಕ್ಲಬ್ಬಿನಲ್ಲಿದೆ, ನಿನಗೆ ಕೊಡಿಸುತ್ತೇನೆ ಎಂದಿದ್ದರು.

"ಈಗ ಅವ್ರೂ ಮುಖ ತಿರುಗಿಸ್ಬಿಟ್ರು. ಭಾನುವಾರದೊಳಗೆ ಇದು ತೀರ್ಮಾನ ಆಗ್ಲಿಲ್ಲ ಅಂದ್ರೆ ಬೇರೆಯೋರ್ನ ನೋಡ್ಕೋತೀನಿ ಅಂದ್ರು."

"ಯಾರ ಬಗ್ಗೆ ಬರೆದಿದ್ದು ತಪ್ಪಾಗಿದ್ದು?"

"ಹದಿನಾಲ್ಕನೇ ನಂಬರ್. ಡೆಂಜಿಲ್ ಅಂತ, ಗೋವಾದಿಂದ ಈ ವರ್ಷ ಹೊಸದಾಗಿ ಬಂದೋನು."

ಅವಳು ಪುಸ್ತಕ ಬಿಚ್ಚಿ ಓದಿದಳು. "ಹದಿನಾಲ್ಕು. ಡೆಂಜಿಲ್. ಮುಂದಿನ ಸಾಲಿನವನು. ಎಡಗಾಲಲ್ಲಿ ಒದೆಯುತ್ತಾನೆ. ಬಲ ಮೊಣಕಾಲು ಸರಿಯಿಲ್ಲ, ತಿರುಗುವಾಗ ಹಲ್ಲು ಕಚ್ಚುತ್ತಾನೆ. ಓಟದಲ್ಲಿ ಎಲ್ಲರಿಗಿಂತ ಹಿಂದೆ. ಆದರೆ ಚೆಂಡು ಎಲ್ಲಿಗೆ ಬರುತ್ತದೆಂದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಇವನಿಗೇ. ಇವನು ಕೊಟ್ಟ ಪಾಸಿಗೆ ಯಾರೂ ಹೆಜ್ಜೆ ಬದಲಿಸಬೇಕಾಗಿಲ್ಲ. ಆಟ ನಿಂತಾಗ ಸುಮ್ಮನೆ ಇರುವುದಿಲ್ಲ, ಕಿತ್ತುಬಂದ ಹುಲ್ಲನ್ನು ಕಾಲಲ್ಲಿ ಒತ್ತಿ ಕೂರಿಸುತ್ತಾನೆ. ಕಾಲು ನೆಟ್ಟಗಿದ್ದಿದ್ದರೆ ಈ ತಂಡಕ್ಕೆ ಇವನೇ ಮೊದಲಿಗ. ಈಗಿರುವಂತೆ ಆರಿಸಬೇಡಿ."

ಆರಿಸಬೇಡಿ ಎಂದಿದ್ದಕ್ಕೆ ಯಾರೂ ಆರಿಸಲಿಲ್ಲ. ಕೊನೆಯ ಸರದಿಯ ಅಕ್ಷತಳ ಪಾಲಿಗೆ ಉಳಿದದ್ದು ಅವನೊಬ್ಬನೇ. ಮೊದಲ ಪಂದ್ಯದಲ್ಲಿ ಡೆಂಜಿಲ್ ಅರ್ಧ ಮೈದಾನದಿಂದ ಓಡಿ ಓಡಿ ಮೂರು ಗೋಲು ಹೊಡೆದ. ತಾನು ಇಟ್ಟುಕೊಳ್ಳಬೇಕೆಂದೇ ಅವನನ್ನು ಕುಂಟ ಮಾಡಿ ಓದಿದ್ದಾಳೆ ಎಂದು ಮಹಡಿಯಲ್ಲಿ ಒಂಬತ್ತು ಜನರೂ ತಿರುಗಿಬಿದ್ದರು.

ನಿಜ ಹೇಳಬೇಕೆಂದರೆ ಕಾಂತರಾಜುವಿಗೂ ಒಳಗೇ ಹಾಗೆ ಅನ್ನಿಸಿತ್ತು. ಪಿಳ್ಳಪ್ಪ ಮಾತ್ರ ಆ ಮೂರು ಗೋಲು ತೋರಿಸು ಎಂದರು. ಅವಳ ಮೊಬೈಲಿನಲ್ಲಿ ಒಂದೊಂದನ್ನೂ ಎರಡೆರಡು ಸಲ ನೋಡಿದರು. ಟ್ಯಾಂಕ್ ಹತ್ತುತ್ತಿದ್ದುದು ಯಾವ ಯಾವ ದಿನ ಎಂದು ಕೇಳಿದರು. ಎರಡನೇ ಶಿಫ್ಟ್ ಇರುವ ದಿನ ಮಾತ್ರ, ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಎಂದಳು. ಮುಖ ಕಾಣುತ್ತಿತ್ತೇ? ಇಲ್ಲ, ಅಷ್ಟು ದೂರಕ್ಕೆ, ಆ ಮಂಜಿನಲ್ಲಿ, ಬೆನ್ನಿನ ನಂಬರ್ ಕಾಣುತ್ತಿದ್ದುದೇ ಹೆಚ್ಚು.

"ಹೋಗಿ ಊಟ ಮಾಡಿ ಮಲಕ್ಕೊಳ್ಳಮ್ಮ," ಎಂದರು ಪಿಳ್ಳಪ್ಪ. "ನೀನು ಸುಳ್ಳು ಬರೆದಿಲ್ಲ."

ಅವಳು ಹೋದ ಮೇಲೆ ಕಾಂತರಾಜು, ಅಷ್ಟು ಗಟ್ಟಿಯಾಗಿ ಹೇಗೆ ಹೇಳಿದಿರಿ ಎಂದು ಕೇಳಿದ. ಪಿಳ್ಳಪ್ಪ ಎಲೆಗೆ ಸುಣ್ಣ ಹಚ್ಚುತ್ತಾ, "ಆ ಗೋವಾದೋನು ಮೂರನ್ನೂ ಯಾವ ಕಾಲಲ್ಲಿ ಹೊಡ್ದ, ನೋಡ್ದೆಯಾ?" ಎಂದಷ್ಟೇ ಹೇಳಿದರು.

ಮಂಗಳವಾರ ಬೇಕರಿಗೆ ಹೋದರು. ಹರಿಪ್ರಸಾದ ಒಳ್ಳೆಯವನೇ, ಆದರೆ ಮೋಸ ಹೋದೆ ಎಂಬ ಸಿಟ್ಟಿನಲ್ಲಿದ್ದ. ಪುಸ್ತಕ ಡ್ರಾಫ್ಟಿಗೆ ಮುಂಚೆ ಒಂದು ವಾರ ಬೇಕರಿಯ ಗಾಜಿನ ಕಪಾಟಿನಲ್ಲಿತ್ತೆಂದೂ, ಬೀಗದ ಕೈ ತನ್ನ ಸೊಂಟದಲ್ಲೇ ಇತ್ತೆಂದೂ ಹೇಳಿದ. ಪಿಳ್ಳಪ್ಪ ಹದಿನಾಲ್ಕನೆಯವನ ಹಾಳೆಯನ್ನು ಬೆರಳ ತುದಿಯಲ್ಲಿ ಸವರಿದರು, ಬೆಳಕಿಗೆ ಹಿಡಿದರು, ಹಿಂದುಮುಂದಿನ ಹಾಳೆಗಳನ್ನೂ ಸವರಿದರು. ಕೆರೆದದ್ದಿಲ್ಲ, ಹರಿದದ್ದಿಲ್ಲ, ಶಾಯಿಯೂ ಒಂದೇ. ಯಾರೋ ತಿದ್ದಿರಬಹುದು ಎಂದುಕೊಂಡಿದ್ದ ಕಾಂತರಾಜುವಿನ ಊಹೆ ಅಲ್ಲಿಗೆ ಮುಗಿಯಿತು.

ಬುಧವಾರ ಆವತಿಯ ಮೈದಾನ. ಆದಿನಾರಾಯಣಪ್ಪ ಕಚೇರಿಯಲ್ಲಿ ಕೂರಿಸಿ ಕಾಫಿ ಕೊಡಿಸಿದರು. ಕಟ್ಟುನಿಟ್ಟಿನ ಮನುಷ್ಯ. ತಾನು ಬರುವುದು ಹತ್ತು ಗಂಟೆಗೆ, ಬೆಳಗಿನ ಅಭ್ಯಾಸ ಕೋಚ್ ನೋಡಿಕೊಳ್ಳುತ್ತಾರೆ, ಡೆಂಜಿಲ್ ಕಾಲು ಕಲ್ಲಿನಂತಿದೆ ಎಂದರು. ಆಟಗಾರರ ಬಗ್ಗೆ ಹೊರಗಿನವರೊಡನೆ ಅದಕ್ಕಿಂತ ಹೆಚ್ಚು ಮಾತಾಡುವುದಿಲ್ಲ ಎಂದೂ ಸೇರಿಸಿದರು. ಗೋಡೆಯ ಮೇಲೆ ಒಂದು ಕಾಗದ ಅಂಟಿಸಿತ್ತು. ಕಾಂತರಾಜು ಅದನ್ನು ಮೆಲ್ಲಗೆ ಓದಿ ಹೇಳಿದ. ಮೈದಾನದ ಕೆಲಸಗಾರರು ಯಾವ ಕಾರಣಕ್ಕೂ ಆಟಕ್ಕೆ ಇಳಿಯಕೂಡದು, ಇಳಿದವರನ್ನು ಕೆಲಸದಿಂದ ತೆಗೆಯಲಾಗುವುದು.

ಹೊರಗೆ ಒಬ್ಬ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೆಟ್ರೋಲ್ ಹಾಕುತ್ತಿದ್ದ. ಆವಲಪ್ಪ ಎಂದು ಹೆಸರು, ಸಮೇತನಹಳ್ಳಿ ಕಡೆಯವನು, ಮೂವತ್ತೇಳು ಮೂವತ್ತೆಂಟರ ಪ್ರಾಯ. ಪಿಳ್ಳಪ್ಪ ಅವನನ್ನು ತುಸು ಹೊತ್ತು ನೋಡುತ್ತಾ ನಿಂತು, ನಾವು ಅಕ್ಷತಳ ವಿಷಯಕ್ಕೆ ಬಂದವರು, ಬೆಳಿಗ್ಗೆ ಡೆಂಜಿಲ್ ಕುಂಟಿದ್ದೇನಾದರೂ ಕಂಡಿದ್ದೀಯಾ ಎಂದು ಕೇಳಿದರು. ನಾನು ಹುಲ್ಲು ನೋಡೋನು, ಆಟ ನನಗೆ ಗೊತ್ತಾಗಲ್ಲ ಎಂದ ಆವಲಪ್ಪ. ಹೇಳುತ್ತಲೇ ಎಡಗಾಲಿನಿಂದ ನೆಲ ಒತ್ತಿದ. ಆ ಹುಡುಗಿಗೆ ಏನಾದರೂ ತೊಂದರೆಯಾಗುತ್ತದಾ ಎಂದು ಕೇಳಿದ. ಕೆಲಸ ಹೋಗುತ್ತದೆ ಎಂದರು ಪಿಳ್ಳಪ್ಪ. ಅವನು ಯಂತ್ರದ ಮುಚ್ಚಳ ತಿರುಗಿಸಿ ಮುಚ್ಚಿದ.

ಹಿಂದುಗಡೆ ಲಕ್ಕಮ್ಮ ಜೆರ್ಸಿಗಳನ್ನು ತಂತಿಗೆ ಹರವುತ್ತಿದ್ದಳು. ತಂಡದ ಬಟ್ಟೆಯೆಲ್ಲ ಒಗೆಯುವುದು ಅವಳೇ. ಅಂಗಿ ಅದಲುಬದಲಾಗಿರಬಹುದೇ ಎಂದು ಕಾಂತರಾಜು ಕೇಳಿದ್ದೇ ತಡ, ಅವಳು ಒದ್ದೆ ಜೆರ್ಸಿ ಹಿಡಿದೇ ಅವನ ಮುಂದೆ ಬಂದು ನಿಂತಳು.

"ಏನಪ್ಪಾ ಡ್ರೈವರಪ್ಪ, ನೀನು ಯಾವತ್ತಾದ್ರೂ ನಿನ್ ಬಸ್ ಬಿಟ್ಟು ಬೇರೆಯೋರ್ ಬಸ್ ಹತ್ತಿದ್ದೀಯಾ? ನಂಗೆ ನಂಬರ್ ಓದಕ್ಕೆ ಬರಲ್ಲ ಅಂದ್ಕೊಂಡ್ಯಾ?"

ಪಿಳ್ಳಪ್ಪ ನಕ್ಕು, ಅವಳ ಒಗೆಯುವ ಕಲ್ಲಿನ ಪಕ್ಕದಲ್ಲೇ ಕೂತರು. ಯಾರ ಬಟ್ಟೆ ಹೆಚ್ಚು ಕಾಟ ಕೊಡುತ್ತದೆ ಎಂದು ಕೇಳಿದರು. ಕೇಳಿದ್ದೇ ಸಾಕು, ಅವಳು ಇಪ್ಪತ್ತೆರಡು ಜನರದ್ದೂ ಹೇಳಿದಳು. ಒಬ್ಬನ ಕಾಲುಚೀಲ, ಇನ್ನೊಬ್ಬನ ಎಣ್ಣೆತಲೆ. ಹದಿನಾಲ್ಕನೆಯವನದು ಮಾತ್ರ ವಿಚಿತ್ರ. ವಾರದಲ್ಲಿ ಎರಡು ದಿನ ಅವನ ಅಂಗಿ ಪೆಟ್ರೋಲ್ ನಾತ ಹೊಡೆಯುತ್ತದೆ, ಎರಡು ಸಲ ಒಗೆದರೂ ಹೋಗಲ್ಲ. ಅದೇ ಎರಡು ದಿನ ಅವನ ಚೀಲದಲ್ಲಿ ಒದ್ದೆ ಟವೆಲ್ ಇರುತ್ತದೆ, ಅದಕ್ಕೆ ಈಜುಕೊಳಕ್ಕೆ ಹಾಕುತ್ತಾರಲ್ಲ, ಆ ಔಷಧಿಯ ವಾಸನೆ.

"ಯಾವ ಎರಡು ದಿನ, ಲಕ್ಕಮ್ಮ?"

"ಮಂಗಳವಾರ, ಶುಕ್ರವಾರ. ನಿನ್ನೇದು ಇಲ್ಲೇ ಇದೆ ನೋಡು, ಇನ್ನೂ ನೆನೆ ಹಾಕಿಲ್ಲ."

ಪಿಳ್ಳಪ್ಪ ಆ ಅಂಗಿಯನ್ನು ಮೂಸಿ, ಮಡಿಸಿ, ಅವಳ ಕೈಗೇ ಕೊಟ್ಟರು.

ಶುಕ್ರವಾರ ಬೆಳಿಗ್ಗೆ ಅವರ ಮಾತಿನಂತೆ ಕಾಂತರಾಜು ಅಕ್ಷತಳ ಮನೆಯ ಟ್ಯಾಂಕ್ ಹತ್ತಿದ. ಮಂಜು ಇನ್ನೂ ಹರಿದಿರಲಿಲ್ಲ. ಎರಡು ಸಲ ಎಣಿಸಿದ. ಒಂದು ಕಡೆ ಹನ್ನೊಂದು ಜನ, ಇನ್ನೊಂದು ಕಡೆ ಹತ್ತೇ. ಹದಿನಾಲ್ಕನೇ ನಂಬರ್ ಇರಲೇ ಇಲ್ಲ. ಆವಲಪ್ಪ ಗೆರೆಯಾಚೆ ರೋಲರಿಗೆ ಒರಗಿ ನಿಂತಿದ್ದ. ಚೆಂಡು ಹತ್ತಿರ ಬಂದಾಗ ಕೈಯಲ್ಲಿ ಎತ್ತಿ ಒಳಗೆ ಎಸೆದ, ಒದೆಯಲಿಲ್ಲ. ಇದನ್ನೆಲ್ಲ ಕೇಳಿದ ಪಿಳ್ಳಪ್ಪನವರ ಮುಖ ಸಪ್ಪಗಾಯಿತು. ಕಗ್ಗಂಟು ಬಿಚ್ಚಿದಾಗಲೆಲ್ಲ ಒಂದು ಸಣ್ಣ ನಗು ಇರುತ್ತಿತ್ತು, ಅದು ಈ ಸಲ ಬರಲಿಲ್ಲ.

"ಒಬ್ಬಳ ಕೆಲಸ ಉಳಿಸೋಕೆ ಇನ್ನೊಬ್ಬನ ಕೆಲಸ ಕಳೀಬೇಕಾಯ್ತು ಕಣೋ ಕಾಂತ," ಎಂದರು.

ಶನಿವಾರ ಮಧ್ಯಾಹ್ನ ಸಮೇತನಹಳ್ಳಿಗೆ ಸ್ಕೂಟರ್ ಹೋಯಿತು. ಪಿಳ್ಳಪ್ಪ ಒಬ್ಬರೇ ಆವಲಪ್ಪನ ಮನೆಯೊಳಗೆ ಹೋದರು. ಕಾಂತರಾಜು ಬೇವಿನ ಮರದ ಕೆಳಗೆ ಕಾದ. ಒಳಗೆ ಏನು ಮಾತಾಯಿತೋ ಅವನಿಗೆ ಕೇಳಿಸಲಿಲ್ಲ. ಹೊರಗೆ ಬಂದ ಮೇಲೆ ಪಿಳ್ಳಪ್ಪ ಹೇಳಿದ್ದು ಒಂದೇ. "ನಾನು ಅವನ ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

ಭಾನುವಾರ ಮೂರು ಗಂಟೆಗೆ ಬೇಕರಿಯ ಮಹಡಿ ತುಂಬಿತ್ತು. ಹತ್ತು ಜನ ಆಡುವವರು, ಜೊತೆಗೆ ಆದಿನಾರಾಯಣಪ್ಪ, ಲಕ್ಕಮ್ಮ. ಹರಿಪ್ರಸಾದ ಎಲ್ಲರಿಗೂ ಖಾರಾ ಬನ್ನು ಹಂಚಿದ. ಅಕ್ಷತ ಮುಟ್ಟಲಿಲ್ಲ. ಪಿಳ್ಳಪ್ಪ ಕುರ್ಚಿ ಬೇಡವೆಂದು ಚಾಪೆಯ ಮೇಲೆ ಕೂತು, ನಿಧಾನವಾಗಿ ಶುರು ಮಾಡಿದರು.

"ಮೊದಲ್ನೇದು, ಸುಳ್ಳು ಹೇಳೋರು ಬೇಕಾದಷ್ಟೇ ಹೇಳ್ತಾರೆ. ಈ ಹುಡುಗಿ ಡೆಂಜಿಲ್ ಯಾರಿಗೂ ಬೇಡ ಅನ್ನಿಸ್ಬೇಕು ಅಂದ್ಕೊಂಡಿದ್ರೆ ಕಾಲು ಕುಂಟು ಅಂದಿದ್ರೆ ಸಾಕಾಗಿತ್ತು. ಎಡಗಾಲಿನೋನು ಅಂತ ಯಾಕೆ ಬರೀಬೇಕು? ಅವನು ಬಲಗಾಲಿನೋನು, ಮೊದಲ್ನೇ ಒದೆತಕ್ಕೇ ಸಿಕ್ಕಿಬೀಳೋ ಸುಳ್ಳು ಅದು. ತಲೆ ಚುರುಕು, ಪಾಸ್ ಚೆನ್ನಾಗಿ ಕೊಡ್ತಾನೆ ಅಂತ ಹೊಗಳೋದು ಯಾಕೆ? ಹುಲ್ಲು ಒತ್ತುತ್ತಾನೆ ಅಂತ ಯಾಕೆ? ಹಂಗಾದ್ರೆ ಅವಳು ಕಂಡಿದ್ದನ್ನೇ ಬರ್ದಿದ್ದಾಳೆ. ಎಡಗಾಲಿನ, ಬಲ ಮಂಡಿ ನೋವಿರೋ ಒಬ್ಬ ಮನುಷ್ಯ ನಿಜವಾಗ್ಲೂ ಆ ಅಂಗಿ ಹಾಕ್ಕೊಂಡು ಆಡಿದ್ದಾನೆ."



ಪಿಳ್ಳಪ್ಪ ಮುಂದುವರಿಸಿದರು. ವಿಜಯಪುರದ ಮಾರುಕಟ್ಟೆಯಲ್ಲಿ ಒಬ್ಬೊಬ್ಬ ರೈತನ ಗೂಡಿಗೂ ಒಂದು ನಂಬರಿನ ಚೀಟಿ. ಒಂದು ವರ್ಷ ಬೇಸಿಗೆಯಲ್ಲಿ ಗಾಳಿಗೆ ಎರಡು ಚೀಟಿ ಹಾರಿ, ಹಿಂದುಮುಂದಾಗಿ ಕೂತವು. ಪಿಳ್ಳಪ್ಪ ಗೂಡನ್ನು ಸರಿಯಾಗಿಯೇ ನೋಡಿ ಬೆಲೆ ಕೂಗಿದರು. ಸಂಜೆ ಮನೆಗೆ ಬಂದದ್ದು ಬೇರೆ ಗೂಡು. ಕಣ್ಣು ತಪ್ಪು ಮಾಡಿರಲಿಲ್ಲ, ಚೀಟಿ ತಪ್ಪಾಗಿತ್ತು. ಟ್ಯಾಂಕಿನ ಮೇಲಿಂದ ಅಕ್ಷತ ಕಂಡದ್ದೂ ಹಾಗೇ. ಮನುಷ್ಯನನ್ನು ಸರಿಯಾಗಿಯೇ ತೂಗಿದ್ದಾಳೆ, ಹೆಸರು ಮಾತ್ರ ಬೆನ್ನಿನ ನಂಬರ್ ನೋಡಿ ಬರೆದಿದ್ದಾಳೆ.

"ಹಂಗಾದ್ರೆ ಡೆಂಜಿಲ್ ಎಲ್ಲಿದ್ದ?" ಎಂದರು ಆದಿನಾರಾಯಣಪ್ಪ.

"ನೀರಲ್ಲಿ," ಎಂದರು ಪಿಳ್ಳಪ್ಪ. ಲಕ್ಕಮ್ಮ ಟವೆಲ್ಲಿನ ಕತೆ ತಾನೇ ಹೇಳಿದಳು. ಆದಿನಾರಾಯಣಪ್ಪ ಒಪ್ಪಿಕೊಂಡರು. ಡಾಕ್ಟರ ಸಲಹೆಯ ಮೇಲೆ ಡೆಂಜಿಲ್ ವಾರಕ್ಕೆರಡು ಬೆಳಿಗ್ಗೆ ಬೆಂಗಳೂರಿನಲ್ಲಿ ಈಜುತ್ತಿದ್ದುದು ನಿಜ, ಅದು ಇವೇ ಎರಡು ದಿನವೆಂದು ತಮಗೆ ಹೊಳೆದಿರಲಿಲ್ಲ. ಆ ಎರಡು ದಿನ ಅಭ್ಯಾಸದ ಆಟಕ್ಕೆ ಒಬ್ಬ ಕಡಿಮೆ, ಎಂದರು ಪಿಳ್ಳಪ್ಪ. ಕೋಚ್ ಯಾರನ್ನೋ ಇಳಿಸಿದ್ದಾರೆ, ಖಾಲಿ ಇದ್ದ ಅಂಗಿಯನ್ನೇ ತೊಡಿಸಿದ್ದಾರೆ.

"ಯಾರನ್ನ?" ಎಂದರು ಆದಿನಾರಾಯಣಪ್ಪ.

ಪಿಳ್ಳಪ್ಪ ಉತ್ತರ ಕೊಡಲಿಲ್ಲ. ಯಾರೆಂದು ಶನಿವಾರವೇ ತಿಳಿದಿದ್ದ ಕಾಂತರಾಜುವಿನ ತಲೆಯಲ್ಲಿ, ಹೇಗೆಂಬುದು ಆಗ ಒಂದೊಂದಾಗಿ ಕೂತಿತು. ಪೆಟ್ರೋಲ್ ನಾತದ ಅಂಗಿ. ಕಿತ್ತ ಹುಲ್ಲನ್ನು ಕಂಡರೆ ಸುಮ್ಮನಿರಲಾರದ ಕಾಲು. ಆಟ ನಿಂತಾಗ ಆಟಗಾರ ನೀರು ಕುಡಿಯುತ್ತಾನೆ, ಬೆವರು ಒರೆಸುತ್ತಾನೆ. ನೆಲ ಸರಿಮಾಡುವವನು ನೆಲ ನೋಡಿಕೊಳ್ಳುವವನೊಬ್ಬನೇ. ತಾವು ಬುಧವಾರ ಹೋಗಿ ಕೇಳಿದ ಮೇಲೆ ಶುಕ್ರವಾರ ಹದಿನಾಲ್ಕನೇ ನಂಬರ್ ಆಟಕ್ಕೆ ಇಳಿಯಲಿಲ್ಲ.

"ಹೆಸರು ಹೇಳ್ದೆ ಇದ್ರೆ ಇದು ಬರೀ ಮಾತಾಯ್ತಲ್ಲ, ಪಿಳ್ಳಪ್ಪನವರೇ," ಎಂದರು ಆದಿನಾರಾಯಣಪ್ಪ. "ನಾನು ಏನಂತ ನಂಬ್ಲಿ?"

ಅಕ್ಷತ ತಲೆ ತಗ್ಗಿಸಿದಳು. ಅವಳಿಗೂ ಗೊತ್ತಾಗಿತ್ತು ಅಂತ ಕಾಣುತ್ತದೆ. ಅವಳೂ ಹೆಸರು ಹೇಳಲಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಒಂದು ಕಾಲು ಗಟ್ಟಿ, ಒಂದು ಕಾಲು ಮೆಲ್ಲಗೆ. ಆವಲಪ್ಪ ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಬಾಗಿಲಲ್ಲೇ ನಿಂತ.

"ನಾನೇ ಸಾರ್ ಆಡಿದ್ದು. ಕೋಚ್ ಸಾಹೇಬ್ರದ್ದೇನೂ ತಪ್ಪಿಲ್ಲ, ಒಬ್ರು ಕಮ್ಮಿ ಬಿದ್ದಾಗ ನಾನೇ ಕೇಳ್ಕೊಂಡೆ. ಮಾಡಬಾರ್ದು ಅಂತ ಗೊತ್ತಿತ್ತು. ಆ ಮಗು ಮೇಲೆ ಅಪವಾದ ಬರೋದು ಬೇಡ."

 ಪಿಳ್ಳಪ್ಪ ಯಾರಿಗೂ ಹೇಳುತ್ತಿಲ್ಲವೆಂಬಂತೆ ಹೇಳಿದರು. ಹದಿನೆಂಟು ವರ್ಷದ ಹಿಂದೆ, ವಿಮಾನ ನಿಲ್ದಾಣಕ್ಕೆ ಇನ್ನೂ ನೆಲ ಅಳೆದು ಕಲ್ಲು ನೆಡುತ್ತಿದ್ದ ಕಾಲ. ವಿಜಯಪುರದ ಶಾಲೆ ಮೈದಾನದಲ್ಲಿ ತಾಲ್ಲೂಕುಗಳ ಪಂದ್ಯ. ಹೊಸಕೋಟೆ ಕಡೆಯಿಂದ ಬಂದ ಒಬ್ಬ ಎಡಗಾಲಿನ ಹುಡುಗ. ಗೂಡು ಹರಾಜು ಬಿಟ್ಟು ವ್ಯಾಪಾರಿಗಳೆಲ್ಲ ಗೋಡೆ ಹತ್ತಿ ನೋಡಿದರು. ಆಟ ಮುಗಿಯಲು ಹತ್ತು ನಿಮಿಷ ಇದ್ದಾಗ ಆ ಹುಡುಗ ಬಲ ಮಂಡಿ ಹಿಡಿದು ಬಿದ್ದ. ಅವನನ್ನು ಮಂಚದ ಮೇಲೆ ಹೊತ್ತುಕೊಂಡು ಹೋದವರಲ್ಲಿ ತಾನೂ ಒಬ್ಬ.

"ಬುಧವಾರ ನೋಡ್ದಾಗ್ಲೇ ಗುರುತು ಸಿಕ್ತು," ಎಂದರು. "ನಿಂಗೆ ಸಿಗ್ಲಿಲ್ಲ. ಆವತ್ತು ನೀನು ಕಣ್ಣು ಮುಚ್ಕೊಂಡಿದ್ದೆ."

 ಹೋದ ವರ್ಷ ಬೇರೆ ಒಂದು ಮೈದಾನದಲ್ಲಿ ಕೆಲಸಗಾರನೊಬ್ಬ ಆಟಕ್ಕಿಳಿದು ಕೈ ಮುರಿದುಕೊಂಡ ಮೇಲೆ ಕಚೇರಿಯ ಗೋಡೆಗೆ ಆ ಕಾಗದ ಅಂಟಿಸಿದ್ದು ಆದಿನಾರಾಯಣಪ್ಪನವರೇ. ಅವರು ಅಕ್ಷತಳತ್ತ ತಿರುಗಿ, ಆ ಹಾಳೆ ಇನ್ನೊಂದು ಸಲ ಓದಮ್ಮ ಎಂದರು.

ಅಕ್ಷತ ಓದಿದಳು. ಈ ಸಲ ಹೆಸರು ಬಿಟ್ಟು ಓದಿದಳು. ಚೆಂಡು ಎಲ್ಲಿಗೆ ಬರುತ್ತದೆಂದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಇವನಿಗೇ ಎಂಬಲ್ಲಿಗೆ ಬಂದಾಗ ಆವಲಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. ಕಾಲು ನೆಟ್ಟಗಿದ್ದಿದ್ದರೆ ಎಂಬಲ್ಲಿ ಅವಳ ದನಿ ತಡವರಿಸಿತು, ಆದರೂ ಬಿಡದೆ ಕೊನೆಯವರೆಗೆ ಓದಿದಳು, ಆರಿಸಬೇಡಿ ಎಂಬುದನ್ನೂ.

"ಸರಿಯಾಗೇ ಬರ್ದಿದ್ದಾಳೆ," ಎಂದ ಆವಲಪ್ಪ. "ನನ್ನ ಆಟ ನೋಡಿ ಯಾರೂ ಇಷ್ಟು ಬರ್ದಿರ್ಲಿಲ್ಲ."

ಹರಿಪ್ರಸಾದ ಎದ್ದು ಬಂದು ಅಕ್ಷತಳ ಮುಂದೆ ಕೈ ಮುಗಿದ. ತಪ್ಪಾಯ್ತು ಕಣಮ್ಮ ಎಂದು ಅವನು ಹೇಳುವ ಮೊದಲೇ ಲಕ್ಕಮ್ಮ, ಒಂಬತ್ತು ಗಂಡಸರಿಗೆ ಕಾಣದ್ದು ನನ್ನ ಒಗೆಯುವ ಕಲ್ಲಿಗೆ ಕಂಡಿತ್ತು ಎಂದು ಚುಚ್ಚಿದಳು.

ಆದಿನಾರಾಯಣಪ್ಪ ಚಪ್ಪಲಿ ಮೆಟ್ಟಿಕೊಂಡರು. ಅಕ್ಷತಳಿಗೆ ಸೋಮವಾರ ಹತ್ತು ಗಂಟೆಗೆ ಕಚೇರಿಗೆ ಬರಲು ಹೇಳಿದರು. ಆವಲಪ್ಪನ ಪಕ್ಕ ಬಂದಾಗ ನಿಂತು, ಅವನ ಮುಖ ನೋಡದೆ ಹೇಳಿದರು.

"ಮಂಗಳವಾರ ಬೆಳಿಗ್ಗೆ ನಾನೂ ಬರ್ತೀನಿ. ಡಾಕ್ಟರು ಮಂಡಿ ನೋಡಿ ಸರಿ ಅಂದ್ರೆ ಆಡು. ಆದ್ರೆ ಬೇರೆಯೋರ ನಂಬರ್ ಹಾಕ್ಕೋಬೇಡ, ನಿಂಗೆ ಬೇರೆ ಅಂಗಿ ಕೊಡಿಸ್ತೀನಿ."

ಅವರು ಇಳಿದುಹೋದ ಮೇಲೂ ಆವಲಪ್ಪ ಅಲ್ಲೇ ನಿಂತಿದ್ದ. ಅಕ್ಷತ ಪುಸ್ತಕವನ್ನು ಮಂಡಿಯ ಮೇಲಿಟ್ಟುಕೊಂಡು, ಹದಿನಾಲ್ಕು ಎಂಬುದನ್ನೂ ಡೆಂಜಿಲ್ ಎಂಬುದನ್ನೂ ಒಂದೇ ಗೆರೆಯಲ್ಲಿ ಹೊಡೆದಳು. ಮೇಲೆ ಖಾಲಿ ಇದ್ದ ಜಾಗದಲ್ಲಿ ದುಂಡಗೆ ಬರೆದು, ಹಾಳೆಯನ್ನು ಅವನತ್ತ ತಿರುಗಿಸಿ ಹಿಡಿದಳು. ಕಾಂತರಾಜು ಎಂದಿನಂತೆ ಪಿಳ್ಳಪ್ಪನವರ ಕಿವಿಗೆ ಬಗ್ಗಿ ಓದಿ ಹೇಳಲು ಹೋದ. ಅವರು ಕೈ ಅಡ್ಡ ಹಿಡಿದರು. ನಾಲ್ಕಕ್ಷರವನ್ನೂ ಒಂದೊಂದಾಗಿ ತಾವೇ ಕೂಡಿಸಿಕೊಂಡು ಓದಿದರು.

"ಆವಲಪ್ಪ."